ಮನಿ ಮಂದಿ ಕಡಿಮಿ ಆದ್ರೂ ಅಕ್ಕಿ ಬಟ್ಟಲ ಅಷ್ಟ ಐತಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾ ಹುಬ್ಬಳ್ಳಿ ವಿದ್ಯಾನಗರದಾಗ ಇರೋದು, ತವರು ಮನಿ ರೋಣ ತಾಲೂಕಿನ ಒಂದು ಹಳ್ಳಿ, ಲಗ್ನ ಆಗಿ ಈ ಊರಿಗೆ ಬಂದು 32 ವರ್ಷ ಆತು. ನಿಮ್ಮ ಪೇಪರಿನ್ಯಾಗ ಕಸದ ಸುದ್ದಿ ದಿನಾ ಓದ್ತೀನಿ, ಗಾಡಿ ಬರಲಿಲ್ಲ, ಗಟಾರ ತುಂಬೇತಿ, ಖಾಲಿ ಪ್ಲಾಟಿನ್ಯಾಗ ಕಸ ಒಗದಾರ ಅಂತ. ಅದು ಬರಬೇಕು, ಬರೀರಿ. ಆದ್ರ ಆ ಕಸ ನಮ್ಮ ನಮ್ಮ ಅಡಗಿ ಮನ್ಯಾಗಿಂದ ಹೆಂಗ ಹೊಂಡತೈತಿ ಅನ್ನೋದು ಬರದಿದ್ದು ಕಡಿಮಿ, ಅದಕ್ಕ ನಾನ ಬರಿಯಾಕ ಕುಂತೀನಿ. ಮನ್ಯಾಗ ಮಾತಾಡೋ ಹಂಗ ಬರದೀನಿ, ತಿದ್ದದ ಹಾಕಿದ್ರ ಸಂತೋಷ.

ಹೋದ ದೀಪಾವಳಿಗೆ ಹಬ್ಬದ ರಜಾ ಅಂತ ಎರಡು ದಿನ ಕಸದ ಗಾಡಿ ಬರಲಿಲ್ಲ, ಅವ್ರಿಗೂ ಹಬ್ಬ ಇರತೈತಲ್ರಿ, ಹಸಿ ಕಸದ ಬಕೀಟು ಹಿತ್ತಲದಾಗ ಹಂಗ ಉಳೀತು. ಮೂರನೇ ದಿನ ಮುಂಜಾನೆ ಮುಚ್ಚಳ ತಗದ್ರ ಮ್ಯಾಲ ಒಂದಿಷ್ಟು ಸಿಪ್ಪಿ, ಅದರ ಕೆಳಗ ಬರೇ ಅನ್ನ. ಕುಕ್ಕರಿನ್ಯಾಗ ಹೆಂಗ ಕುಂತಿತ್ತೋ ಹಂಗ ದುಂಡಗ, ಅಂದ್ರ ಒಂದು ಸೌಟೂ ಯಾರೂ ಬಡಿಸಿಕೊಂಡಿಲ್ಲ. ಬಾಜೂಕ ಚಪಾತಿ ಮಡಚಿದ್ದು ಮಡಚಿದಂಗ, ಎರಡು ಹೋಳಿಗಿ. ಗಾಡಿ ಬಂತು, ಡ್ರಮ್ಮಿಗೆ ಸುರಿಯೋ ಹೊತ್ತಿಗೆ ನನಗ ನಾಚಿಕಿ ಆಗಿ ‘ಹಬ್ಬದ್ದು ಉಳದಿತ್ತವ್ವ’ ಅಂದೆ. ಗಾಡಿ ಜೊತಿ ಬರೋ ಹೆಣ್ಮಗಳು ‘ಎಲ್ಲಾರ ಮನಿಯಿಂದನೂ ಬಂದಾವ್ರಿ ಅವ್ವಾರ, ಇವತ್ತ ಡ್ರಮ್ ತುಂಬ ಹೋಳಿಗಿನ, ಮಾಡಿದ ದಿನ ಬಿಸಿ ಇದ್ದಾಗ ಕೊಟ್ಟಿದ್ರ ನಮ್ಮ ಹುಡುಗ್ರಿಗೆ ಆಗ್ತಿತ್ತು’ ಅಂದ್ಲು. ಸಿಟ್ಟಿಲೆ ಅಂದಿದ್ದಲ್ಲ, ಸುಮ್ನ ಹೇಳಿದ್ಲು, ಹೇಳಿ ಮುಂದಿನ ಮನಿಗೆ ಹೋದ್ಲು. ನನಗ ಅವತ್ತ ಮಧ್ಯಾಹ್ನ ಊಟ ಸೇರಲಿಲ್ಲ.

ಮರುದಿನದಿಂದ ಒಂದು ಕೆಲಸ ಸುರು ಮಾಡಿದೆ. ಸೊಸಿ ಕೇಕ್ ಮಾಡಾಕ ಅಂತ ಸಣ್ಣ ತೂಕದ ಮಷೀನ್ ತರಿಸಿದ್ಲು, ಅದರ ಮ್ಯಾಲ ಒಂದು ಹಳೇ ಡಬ್ಬಿ ಇಟ್ಟು, ಸಿಪ್ಪಿ ಬೀಜ ದಂಟು ಬಿಟ್ಟು, ತಿನ್ನಾಕ ಬರ್ತಿದ್ದದ್ದು ಏನೇನು ಒಗೀತೇವಿ ಅದನ್ನಷ್ಟ ತೂಗಿ ಕ್ಯಾಲೆಂಡರ್ ಮ್ಯಾಲ ಬರ್ಯಾಕ ಹತ್ತಿದೆ. ಒಂದು ವಾರಕ್ಕ 2 ಕಿಲೋ 600 ಗ್ರಾಂ ಆತು. ಅದರಾಗ ಅನ್ನನ 1 ಕಿಲೋ 100 ಗ್ರಾಂ, ಚಪಾತಿ ಹದಿನಾಕು, ಉಳಿದಿದ್ದು ಸಾಂಬಾರ, ಪಲ್ಯ, ಕೊಳೆತ ಮೆಂತೆ, ಕೊತ್ತಂಬರಿ, ಬೂಸಲ ಹಿಡದ ಬ್ರೆಡ್ಡು. ನಾವೇನು ಕೆಡಿಸೋ ಮಂದಿ ಅಲ್ಲ ಅಂತ ನಾ ತಿಳಕೊಂಡಿದ್ದೆ. ಐದು ಮಂದಿ ಮನಿರೀ ನಮ್ದು, ಹಬ್ಬ ಇಲ್ಲ ಬಂದ ಮಂದಿ ಇಲ್ಲ, ಸಾದಾ ವಾರ ಅದು.

ಅನ್ನ ಯಾಕ ಇಷ್ಟು ಉಳೀತೈತಿ ಅಂತ ವಿಚಾರ ಮಾಡಿದಾಗ ಸೊಸಿನ ಕೇಳಿದ್ಲು, ‘ಅತ್ಯಾರ, ನೀವು ಮೂರು ಬಟ್ಟಲ ಅಕ್ಕಿ ಯಾಕ ಹಾಕ್ತೀರಿ?’ ಅಂತ. ಯಾಕ ಅಂದ್ರ ನಾ ಈ ಮನಿಗೆ ಬಂದಾಗಿಂದ ಮೂರು ಬಟ್ಟಲನ. ಅದು ನಮ್ಮತ್ತಿಯವ್ರ ಹಿತ್ತಾಳಿ ಬಟ್ಟಲ, ಅಂಚಿಗೆ ಸ್ವಲ್ಪ ನೆಗ್ಗೇತಿ, ಆವಾಗ ಮನ್ಯಾಗ ಒಂಬತ್ತು ಮಂದಿ ಇದ್ವಿ, ಮಾವನವ್ರು, ಇಬ್ಬರು ಮೈದುನ್ರು, ಓದಾಕ ಅಂತ ಇದ್ದ ನಾದಿನಿ ಮಗಾ. ಅತ್ತಿ ಮಾವ ತೀರಿಕೊಂಡ್ರು, ಮೈದುನ್ರು ಬ್ಯಾರೆ ಆದ್ರು, ಮಗಳ ಲಗ್ನ ಆತು, ಮಗಾ ಸೊಸಿ ಮಧ್ಯಾಹ್ನ ಆಫೀಸಿನ್ಯಾಗ ಉಣ್ತಾರ, ಒಬ್ಬೊಬ್ರ ಕಡಿಮಿ ಆದ್ರೂ ನನ್ನ ಕೈ ಮಾತ್ರ ಮೂರು ಸಲನ ತುಂಬಿ ಹಾಕತೈತಿ. ಅಳತಿ ಯಾರೂ ತಪ್ಪು ಹೇಳಿಕೊಟ್ಟಿಲ್ಲ, ಆ ಅಳತಿ ಇದ್ದದ್ದು ಆ ಮನಿಗೆ. ಈಗ ಎರಡು ಬಟ್ಟಲಕ್ಕ ಇಳಿಸೀನಿ, ರಾತ್ರಿ ಒಂದೂವರಿ. ಇದನ್ನ ನಾ ಓಣ್ಯಾಗ ಹೇಳಿದ್ರ ಹತ್ತರಾಗ ಎಂಟು ಮಂದಿ ‘ಹೌದವ್ವ ನಮ್ದೂ ಹಂಗ ಐತಿ’ ಅಂದ್ರು.

ಇನ್ನೊಂದು, ‘ಯಾರರ ಬಂದ್ರ’ ಅನ್ನೋದು. ನಮ್ಮ ಕಡೆ ಬಂದವ್ರಿಗೆ ಊಟಕ್ಕ ಏಳ್ರಿ ಅನ್ನದ ಕಳಸೋದು ಅಂದ್ರ ಮನಿತನಕ್ಕ ಕಡಿಮಿ, ಅದು ಹೋಗಬಾರದು ಅಂತನ ನಾ ಅಂತೀನಿ. ಆದ್ರ ಮೊದಲ ಗದಗಿಂದ ಬಸ್ ಹತ್ತಿ ಹೇಳದ ಕೇಳದ ಬರ್ತಿದ್ರು, ಈಗ ಬರೋಕ್ಕಿಂತ ಮೊದಲ ಮೂರು ಸಲ ಫೋನ್ ಮಾಡ್ತಾರ. ಹಂಗೂ ಯಾರರ ಬಂದ್ರ ಹದಿನೈದು ನಿಮಿಷದಾಗ ಅನ್ನ ಆಗತೈತಿ, ಕಡಕ್ ರೊಟ್ಟಿ ಡಬ್ಬಿ ತುಂಬ ಇರ್ತಾವ, ಶೇಂಗಾ ಚಟ್ನಿ ಮೊಸರು ಇರತೈತಿ. ಬರದ ಇರೋ ಬೀಗರ ಸಲುವಾಗಿ ದಿನಾ ಒಂದು ಬಟ್ಟಲ ಹೆಚ್ಚಿಗಿ ಬೇಯಿಸೋದು ಯಾರಿಗೂ ಉಪಯೋಗ ಇಲ್ಲ.

ನನ್ನ ಮಗಳು ಒಂದು ಲೆಕ್ಕ ಹುಡುಕಿ ಕೊಟ್ಲು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವ್ರು 2024ರಾಗ ಹೊರಗ ತಂದ ವರದಿ ಪ್ರಕಾರ 2022ನೇ ಇಸ್ವಿ ಒಂದರಾಗ ಜಗತ್ತಿನ್ಯಾಗ ಸುಮಾರು 105 ಕೋಟಿ ಟನ್ ಆಹಾರ ಹಾಳಾಗೇತಿ, ಅದರಾಗ ನೂರಕ್ಕ 60 ಪಾಲು ಹೋಟೆಲಿಂದೂ ಅಲ್ಲ, ಅಂಗಡಿದೂ ಅಲ್ಲ, ಮನಿಗಳದ್ದು. ನಮ್ಮ ದೇಶದ್ದು ತಲಿಗೆ ವರ್ಷಕ್ಕ 55 ಕಿಲೋ ಅಂತ ಅಂದಾಜು ಮಾಡ್ಯಾರ, ಸಿಪ್ಪಿ ಎಲುಬು ಎಲ್ಲಾ ಸೇರಿ. ಜಗತ್ತಿನ ಸರಾಸರಿ 79 ಕಿಲೋ ಇರೋದರಿಂದ ನಮ್ದು ಕಡಿಮಿನ, ಹಂಗಂತ ಸಮಾಧಾನ ಮಾಡ್ಕೊಳ್ಳಾಕ ನನಗ ಆಗಲಿಲ್ಲ, ಐದು ಮಂದಿ ಮನಿಗೆ 275 ಕಿಲೋ ಆಗತೈತಿ ನೋಡ್ರಿ.

ನಮ್ಮನಿ ಅನ್ನದ್ದಷ್ಟ ಹಿಡೀರಿ. ವಾರಕ್ಕ 1 ಕಿಲೋ 100 ಗ್ರಾಂ ಅನ್ನ ಅಂದ್ರ ಹೆಚ್ಚುಕಡಿಮಿ 400 ಗ್ರಾಂ ಅಕ್ಕಿ, ವರ್ಷಕ್ಕ 20 ಕಿಲೋ ಆತು. ಒಂದು ಕಿಲೋ ಅಕ್ಕಿ ಆಗಾಕ ಸರಾಸರಿ 2,500 ಲೀಟರ್ ನೀರು ಬೇಕು ಅಂತ ಲೆಕ್ಕ ಐತಿ. ಅಂದ್ರ 50,000 ಲೀಟರ್. ನಮ್ಮನಿ ಮ್ಯಾಲಿನ ಟ್ಯಾಂಕು 1,000 ಲೀಟರಿಂದು, ಅಂಥವು 50 ಟ್ಯಾಂಕು. ನಳಾ ಯಾವಾಗ ಬರ್ತಾವು ಅಂತ ಕೊಡ ತುಂಬಿಟ್ಟುಕೊಂಡು ಹಾದಿ ಕಾದ ಊರಿದು, ಮಲಪ್ರಭಾ ನೀರು ಸವದತ್ತಿ ಕಡಿಂದ ಪೈಪಿನ್ಯಾಗ ಬರಬೇಕು ನಮಗ. ಒಂದು ಕೊಡ ನೀರು ಚೆಲ್ಲಿದ್ರ ಹುಡುಗ್ರಿಗೆ ಬೈತೇವಿ, ಅನ್ನ ಚೆಲ್ಲಿದಾಗ ನೀರು ಚೆಲ್ಲಿದಂಗ ಅಂತ ಕಣ್ಣಿಗೆ ಕಾಣಂಗಿಲ್ಲ.

ಆಮ್ಯಾಲ ಆ ಅನ್ನ ಎಲ್ಲಿಗೆ ಹೋಗತೈತಿ? ಅಂಚಟಗೇರಿ ಕಡೆ ಇರೋ ಕಸದ ಗುಡ್ಡಿಗೆ, ಧಾರವಾಡದ್ದಾದ್ರ ಹೊಸಯಲ್ಲಾಪುರದ ಕಡೆ. ಕಸದ ಗುಡ್ಡಿ ಒಳಗ ಗಾಳಿ ಆಡಂಗಿಲ್ಲ, ಗಾಳಿ ಇಲ್ಲದ ಕಡೆ ಅನ್ನ ಪಲ್ಯ ಕೊಳೆತ್ರ ಮೀಥೇನ್ ಅನ್ನೋ ಗ್ಯಾಸ್ ಹುಟ್ಟತೈತಿ, ಕಾರ್ಬನ್ ಡೈಆಕ್ಸೈಡಿಗೆ ಹೋಲಿಸಿದ್ರ ಇದು 100 ವರ್ಷದ ಲೆಕ್ಕದಾಗ ಸುಮಾರು 28 ಪಟ್ಟು ಹೆಚ್ಚಿಗಿ ಬಿಸಿ ಹಿಡೀತೈತಿ, ಬ್ಯಾಸಿಗ್ಯಾಗ ಬೆಂಕಿ ಹತ್ತಾಕೂ ಇದ ಕಾರಣ ಆಗತೈತಿ. ಆ ಹೊಗಿ ಕುಡಿಯೋರು ಅಲ್ಲಿ ಸುತ್ತಮುತ್ತ ಇರೋ ಮಂದಿ, ನಾವಲ್ಲ. ಕೆಲವ್ರು ಗಾಡಿಗೆ ಕೊಡದ ಅನ್ನಾನ ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ಮೂಲಿಗೆ ಇಟ್ಟು ಬರ್ತಾರ, ಆಕಳಿಗೆ ಪುಣ್ಯ ಅಂತ. ಆಕಳಕ್ಕ ಗಂಟು ಬಿಚ್ಚಾಕ ಬರಂಗಿಲ್ರೀ. ಚೀಲ ಸಮೇತ ನುಂಗತೈತಿ. ನಮ್ಮ ಓಣಿ ತಿರುವಿನ್ಯಾಗ ಒಂದು ಆಕಳ ಬಾಯಾಗ ಅರ್ಧ ಚೀಲ ಜೋತಾಡೋದನ್ನ ನೋಡಿ ನಾ ಕೈಲೆ ಎಳದು ತಗದೀನಿ, ಅರ್ಧ ಒಳಗ ಹೋಗಿತ್ತು.

ನಮ್ಮವ್ವನ ಮನ್ಯಾಗ ಕಸದ ಬಕೀಟು ಅನ್ನೋದ ಇರಲಿಲ್ಲ. ಅಕ್ಕಿ ತೊಳದ ನೀರು, ಗಂಜಿ, ಸಿಪ್ಪಿ ಎಲ್ಲಾ ಎಮ್ಮಿ ಮುಸುರಿಗೆ. ಹೋಳಿಗಿ ಮಾಡಿದ್ರ ಕಡ್ಲಿಬ್ಯಾಳಿ ಬಸದ ಕಟ್ಟು ಚೆಲ್ಲಂಗಿಲ್ಲ, ಅದರದ್ದ ಕಟ್ಟಿನ ಸಾರು, ಈಗೂ ಹೋಳಿಗಿಗಿಂತ ಅದಕ್ಕ ಜಗಳ ನಮ್ಮನ್ಯಾಗ. ಹೀರೀಕಾಯಿ ಪಲ್ಯ ಮಾಡಿದ್ರ ಸಿಪ್ಪಿದು ಚಟ್ನಿ. ಮೂಲಂಗಿ ತಂದ್ರ ತಪ್ಪಲ ಪಚಡಿಗೆ. ರಾತ್ರಿ ಉಳಿದ ಅನ್ನ ಮಜ್ಜಿಗ್ಯಾಗ ನೆನದು ಮುಂಜಾನೆ ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಜೊತಿ ಹೊಲಕ್ಕ ಹೋಗವ್ರ ಹೊಟ್ಟಿಗೆ ಬೀಳ್ತಿತ್ತು. ಜೋಳದ ರೊಟ್ಟಿ ಅಂತೂ ಕೆಟ್ಟಿದ್ದ ನೆನಪಿಲ್ಲ, ಮೆತ್ತಗಿದ್ದಾಗ ಮೆತ್ತಗ, ಉಳದ್ರ ಒಲಿ ಮುಂದ ಇಟ್ಟು ಕಡಕ್ ಮಾಡಿದ್ರ ತಿಂಗಳಗಟ್ಟಲೆ ಇರ್ತಾವ. ನಾ ತೂಗಿದ ಒಂದು ವಾರದಾಗ ಚಪಾತಿ ಹದಿನಾಕು ಹೋಗಿದ್ವು, ರೊಟ್ಟಿ ಒಂದೂ ಇರಲಿಲ್ಲ. ಇದನ್ನ ನೋಡಿ ವಾರದಾಗ ನಾಕು ದಿನ ಮತ್ತ ರೊಟ್ಟಿಗೆ ಹೊಳ್ಳೀವಿ.

ಮಾವನವ್ರು ಊಟ ಆದ ಮ್ಯಾಲ ತಾಟಿನ್ಯಾಗ ಒಂದು ಗುಟುಕು ನೀರು ಹಾಕಿ, ಬಳ್ಳಲೆ ಸುತ್ತ ತೊಳದು, ಅದನ್ನ ಕುಡೀತಿದ್ರು, ಪ್ರಸಾದ ಕೆಡಿಸಬಾರದು ಅಂತ. ಒಂದು ಅಗಳೂ ಉಳೀತಿರಲಿಲ್ಲ, ತಾಟು ಮುಸುರಿನ ಅಲ್ಲ ಅನ್ನೋ ಹಂಗ ಇರ್ತಿತ್ತು. ಈಗಿನ ಹುಡುಗ್ರಿಗೆ ತೊಳದು ಕುಡೀರಿ ಅಂದ್ರ ಒಲ್ಲೆ ಅಂತಾವ, ಅದಕ್ಕ ಮೊಮ್ಮಗನಿಗೆ ಮೊದಲ ಸಲ ಸ್ವಲ್ಪ ಹಾಕೋದು, ಬೇಕಾದ್ರ ಮತ್ತ ಹಾಕಸ್ಕೊ ಅನ್ನೋದು ಮಾಡೀನಿ. ಅವನ ಟಿಫಿನ್ ಡಬ್ಬಿ ದಿನಾ ಅರ್ಧ ತುಂಬಿ ಬರ್ತಿತ್ತು, ನಾನೂ ಬೈತಿದ್ದೆ. ಕುಂದರಿಸಿಕೊಂಡು ಕೇಳಿದಾಗ ‘ಆಯಿ, ಕೈ ತೊಳಿಯಾಕ ಲೈನ್ ಇರತೈತಿ, ಉಣ್ಣಾಕ ಕುಂತಾಗ ಬೆಲ್ ಹೊಡೀತಾರ’ ಅಂದ. ಈಗ ಸಣ್ಣ ಸಣ್ಣ ಸುರಳಿ ಮಾಡಿ ಕಟ್ತೀವಿ, ಡಬ್ಬಿ ಖಾಲಿ ಬರ್ತೈತಿ. ಸಾಲಿಯವ್ರು ಊಟಕ್ಕ ಇನ್ನ ಹತ್ತು ನಿಮಿಷ ಕೊಟ್ರ ಎಷ್ಟು ಡಬ್ಬಿ ಖಾಲಿ ಆದಾವು.

ಹಂಗಂತ ಕೆಟ್ಟಿದ್ದನ್ನ ತಿನ್ರಿ ಅಂತ ನಾ ಹೇಳಾಕತ್ತಿಲ್ಲ, ಇದನ್ನ ದಯಮಾಡಿ ತಪ್ಪು ತಿಳ್ಕೋಬ್ಯಾಡ್ರಿ. ಅನ್ನದಾಗ ಬೇಯಿಸಿದ್ರೂ ಸಾಯದ ಇರೋ ಒಂದು ನಮೂನಿ ಬ್ಯಾಕ್ಟೀರಿಯಾ ಇರತೈತಿ, ಬೆಚ್ಚಗ ಹೊರಗ ಇಟ್ರ ಅದು ಬೆಳದು ವಾಂತಿ ಭೇದಿ ಮಾಡತೈತಿ, ಆಮ್ಯಾಲ ಎಷ್ಟು ಕುದಿಸಿದ್ರೂ ಅದು ಬಿಟ್ಟ ವಿಷ ಹೋಗಂಗಿಲ್ಲ. ಅದಕ್ಕ ಉಳಿದ ಅನ್ನ ಅಗಲ ತಾಟಿನ್ಯಾಗ ಹರವಿ ಆರಿಸಿ ಎರಡು ತಾಸಿನೊಳಗ ಫ್ರಿಜ್ಜಿಗೆ ಇಡಬೇಕು, ಮರುದಿನ ಮುಂಜಾನೆನ ತೀರಸಬೇಕು. ನಮ್ಮನ್ಯಾಗ ಮೊದಲ ಏನಾಗ್ತಿತ್ತು ಅಂದ್ರ ಉಳದಿದ್ದು ಸ್ಟೀಲ್ ಡಬ್ಬಿಗೆ ಹೋಗ್ತಿತ್ತು, ಡಬ್ಬಿ ಹಿಂದಕ್ಕ ಸರೀತಿತ್ತು, ಒಳಗ ಏನೈತಿ ಕಾಣಂಗಿಲ್ಲ, ನಾಕನೇ ದಿನಕ್ಕ ಮೂಸಿ ನೋಡಿ ಚೆಲ್ಲೋದು. ಈಗ ಉಳದಿದ್ದಕ್ಕ ಗಾಜಿನ ಡಬ್ಬಿ, ಫ್ರಿಜ್ಜಿನ ಮುಂದಿನ ಸಾಲಿನ್ಯಾಗ ಅದರದ್ದ ಒಂದು ಜಾಗಾ. ಮುಂಜಾನೆ ಉಪ್ಪಿಟ್ಟು ಅವಲಕ್ಕಿ ಅಂತ ಹೊಸಾದು ಹಚ್ಚೋಕ್ಕಿಂತ ಮೊದಲ ಆ ಡಬ್ಬಿ ನೋಡೋದು, ಚಿತ್ರಾನ್ನ ಆತು, ಚಪಾತಿ ಮುರದು ಒಗ್ಗರಣಿ ಆತು.

ಕಾಯಿಪಲ್ಲೆದು ಬ್ಯಾರೆ ಕತಿ. ಜನತಾ ಬಜಾರಕ್ಕ ಹೋದ್ರ ಇಪ್ಪತ್ತಕ್ಕ ಮೂರು ಸಿವುಡು ಅಂತಾರ, ನಮಗ ಬೇಕಾಗಿದ್ದು ಒಂದು, ಒಂದ ತಗೊಂಡ್ರ ತುಟ್ಟಿ ಅನಸತೈತಿ ಅಂತ ಮೂರೂ ತಗೊತೇವಿ, ಎರಡು ಕೊಳೀತಾವ. ಈಗ ಬಾಜೂಕಿನ ಮನಿಯವ್ರೂ ನಾನೂ ಹಂಚಿಕೊಳ್ತೀವಿ. ಕೊತ್ತಂಬರಿ ತಂದ ಕೂಡ್ಲೆ ತೊಳಿಯಂಗಿಲ್ಲ, ಬೇರು ಕತ್ತರಿಸಿ, ಒಣಾ ಅರಬಿಯೊಳಗ ಸುತ್ತಿ ಡಬ್ಬಿಗೆ ಹಾಕಿದ್ರ ಎಂಟು ದಿನ ಹಸಿರ ಇರತೈತಿ. ಉಳ್ಳಾಗಡ್ಡಿ ಆಲೂಗಡ್ಡಿ ಒಂದ ಬುಟ್ಟ್ಯಾಗ ಹಾಕೋದು ಬಿಟ್ಟೀವಿ, ಆಲೂಗಡ್ಡಿ ಲಗೂನ ಮೊಳಕಿ ಒಡೀತಾವ. ಪಾಕೀಟಿನ ಮ್ಯಾಲ ‘ಬೆಸ್ಟ್ ಬಿಫೋರ್’ ತಾರೀಖು ದಾಟ್ತು ಅಂತ ನಮ್ಮ ಮಗಾ ಒಳ್ಳೇ ರವಾ ಚೆಲ್ಲಿದ್ದ, ಅದು ರುಚಿ ಗುಣಮಟ್ಟದ ತಾರೀಖು, ಹುಳ ಇಲ್ಲ ವಾಸನಿ ಇಲ್ಲ ಅಂದ್ರ ಹುರಕೊಂಡು ಬಳಸಾಕ ಬರತೈತಿ, ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಅಂತಿದ್ರ ಮಾತ್ರ ದಾಟಸಬಾರದು.

ಎಲ್ಲಾಕ್ಕಿಂತ ಹೆಚ್ಚು ಫರಕ್ ಬಿದ್ದಿದ್ದು ಒಂದು ಮೆಸೇಜಿನಿಂದ. ಸಂಜೀಕ ಆರಕ್ಕ ಮನಿ ವಾಟ್ಸಾಪ್ ಗ್ರೂಪಿನ್ಯಾಗ ‘ರಾತ್ರಿ ಊಟಕ್ಕ ಯಾರ್ಯಾರು?’ ಅಂತ ಹಾಕ್ತೀನಿ. ಮೊದಲ ನಾ ಅಡಗಿ ಮಾಡಿ ಕುಂತಿರ್ತಿದ್ದೆ, ಎಂಟೂವರಿಗೆ ಮಗಾ ಗೆಳ್ಯಾರ ಜೊತಿ ಹೊರಗ ಉಂಡು ಬರ್ತಿದ್ದ ಇಲ್ಲಾ ಮೊಬೈಲಿನ್ಯಾಗ ಏನರ ತರಸ್ತಿದ್ದ. ಸಿಟ್ಟಿಗೇಳ್ತಿದ್ದೆ, ಕೇಳ್ತಿರಲಿಲ್ಲ. ಈಗ ಕೇಳ್ತೀನಿ, ಅವ್ರೂ ಹೇಳ್ತಾರ. ನಾಕನೇ ವಾರಕ್ಕ ತೂಕ 700 ಗ್ರಾಂಗೆ ಇಳೀತು. ಸೊನ್ನಿ ಆಗಿಲ್ಲ, ಜ್ವರ ಬಂದಾಗ ಯಾರರ ಉಣ್ಣದ ಇದ್ರ ಉಳಿಯೋದ.

ಸಂಪಾದಕರ, ನನ್ನ ವಿನಂತಿ ಎರಡ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲಾ ವಾರ್ಡಿನ್ಯಾಗ ಹಸಿ ಕಸ ಒಣಾ ಕಸ ಬ್ಯಾರೆ ಮಾಡ್ರಿ ಅಂತ ಹೇಳ್ಯಾರ, ಕಸ ವಿಲೇವಾರಿದು 2016ರ ನಿಯಮದಾಗನೂ ಇತ್ತು, ಚಲೋ ಆತು, ಅದರ ಜೊತಿಗೆ ಹಸಿ ಕಸದ ಬಕೀಟಿನ್ಯಾಗ ಊಟದ್ದು ಎಷ್ಟು ಬೀಳತೈತಿ ಅಂತ ಒಂದು ತಿಂಗಳು ತೂಗಿ ನೋಡ್ರಿ ಅಂತ ವಾರ್ಡಿನ ಮೀಟಿಂಗಿನ್ಯಾಗ, ಮಹಿಳಾ ಸಂಘದಾಗ, ಸಾಲ್ಯಾಗ ಯಾರರ ಹೇಳಬೇಕು. ಮಷೀನ್ ಬೇಕಂತಿಲ್ಲ, ಒಂದು ಡಬ್ಬಿ ಎಷ್ಟು ಸಲ ತುಂಬ್ತು ಅಂತ ಗೀಟು ಎಳದ್ರೂ ಸಾಕು. ಇನ್ನೊಂದು, ನಿಮ್ಮ ಪೇಪರಿನ್ಯಾಗ ಹೊಸಾ ಅಡಗಿ ಬಗ್ಗೆ ಅರ್ಧ ಪುಟ ಬರ್ತೈತಿ, ಅದರಾಗ ನಾಕು ಬಳ್ಳಿನ ಜಾಗಾ ಉಳಿದಿದ್ದರ ಅಡಗಿಗೆ ಬಿಟ್ಟುಕೊಡ್ರಿ, ಹಾವೇರಿ ಗದಗ ಧಾರವಾಡದ ಹೆಣ್ಮಕ್ಕಳು ಬರದು ಕಳಸ್ತಾರ. ಮೊದಲಿಂದು ನಂದ ಇರ್ಲಿ: ಉಳಿದ ಚಪಾತಿ ಹಂಚಿನ ಮ್ಯಾಲ ಗರಿಗರಿ ಮಾಡಿ, ಮಿಕ್ಸರಿನ್ಯಾಗ ತರಿತರಿ ತಿರುವಿ, ಬೆಲ್ಲದ ಪುಡಿ, ಯಾಲಕ್ಕಿ, ಹುರದ ಗಸಗಸಿ, ಪುಟಾಣಿ ಕಲಸಿ ಮ್ಯಾಲ ತುಪ್ಪ ಹಾಕಿದ್ರ ಮಾದ್ಲಿ ಹಂಗ ಆಗತೈತಿ, ಮೊಮ್ಮಗಾ ಹಾಲು ಹಾಕ್ಕೊಂಡು ಎರಡು ಬಟ್ಟಲ ತಿಂತಾನ.

ಇಂತಿ ನಿಮ್ಮ ಓದುಗಳು,
ವಿದ್ಯಾನಗರ, ಹುಬ್ಬಳ್ಳಿ