ಕಿಂಡಿ ದೊಡ್ಡದು ಮಾಡಿದರೆ ಎಂಜಿನ್ ತಣ್ಣಗಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಸ್ವಂತ ಕೈಯಿಂದ ವಿಮಾನ ಕಟ್ಟುವವರ ಬಗ್ಗೆ ಕಳೆದ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆಯುವವರು ಕಡಿಮೆ, ಓದಿ ಸಂತೋಷವಾಯಿತು. ಆದರೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿದೆ. ಎಂಜಿನ್ ಬಿಸಿಯಾದರೆ ರೇಡಿಯೇಟರಿನ ಮುಂದಿನ ಕಿಂಡಿ ದೊಡ್ಡದು ಮಾಡಿದರೆ ಸಾಕು ಎಂದು ಅಲ್ಲಿ ಬರೆದಿದ್ದಾರೆ. ನಾನೂ ಹಾಗೇ ನಂಬಿದ್ದೆ. ನಂಬಿ ತಗಡನ್ನೂ ಕತ್ತರಿಸಿದೆ.

ಇಪ್ಪತ್ತಾರು ವರ್ಷ ಲಾರಿ ರೇಡಿಯೇಟರುಗಳನ್ನು ಬಿಚ್ಚಿ, ತೊಳೆದು, ಬೆಸುಗೆ ಹಾಕಿದವನು ನಾನು. ಲಾರಿ ನಿಂತಲ್ಲೇ ನಿಂತಿದ್ದರೂ ಫ್ಯಾನ್ ಗಾಳಿ ಎಳೆಯುತ್ತದೆ, ಅಲ್ಲಿ ಮುಂದೆ ಎಷ್ಟು ತೆರೆದಿದ್ದರೂ ನಡೆಯುತ್ತದೆ. ತಂಗಿಯ ಮಗನ ಜೊತೆ ಸೇರಿ ಎರಡು ಸೀಟಿನ ವಿಮಾನ ಕಟ್ಟುವಾಗ ಅದೇ ಲೆಕ್ಕವನ್ನು ಅಲ್ಲಿಗೂ ಹೊತ್ತುಕೊಂಡು ಹೋದೆ. ಹಾರಿಸುವವನು ಅವನು. ನಾನು ಪಕ್ಕದಲ್ಲಿ ಕೂತು ಗೇಜ್ ನೋಡುತ್ತೇನೆ. ಮೊದಲ ದಿನಗಳಲ್ಲಿ ಏರುವಾಗ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಎಷ್ಟು ಬಿಸಿಯೆಂದು ತೋರಿಸುವ ಮುಳ್ಳು 112 ಡಿಗ್ರಿ ದಾಟಿತು. "ಮಾವ, ಇನ್ನು ಏರಕ್ಕಾಗಲ್ಲ" ಎಂದು ಅವನು ಮೂತಿ ಇಳಿಸಿದ. ಕೆಳಗೆ ಬಂದವನೇ ಕಿಂಡಿಯನ್ನು ಎರಡು ಬೆರಳು ಅಗಲ ಮಾಡಿದೆ. ಮರುದಿನವೂ ಮುಳ್ಳು ಅಲ್ಲಿಗೇ ಹೋಯಿತು. ಸಾಲದ್ದಕ್ಕೆ, ನೇರ ಹಾರಾಟದ ವೇಗ ಗಂಟೆಗೆ 4 ಕಿ.ಮೀ. ಕಡಿಮೆಯಾಯಿತು.

ಏನಾಗಿದೆ ಎಂದು ತಿಳಿದದ್ದು ಒಂದು ಪಾರದರ್ಶಕ ಪೈಪಿನಿಂದ. ಅದನ್ನು 'ಯು' ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಹಲಗೆಗೆ ಕಟ್ಟಿದೆವು. ಒಂದು ತುದಿ ರೇಡಿಯೇಟರ್ ಕೋರ್‌ನ (ಬಿಸಿ ದ್ರವದ ಕೊಳವೆಗಳೂ ತೆಳು ತಗಡಿನ ಫಿನ್‌ಗಳೂ ಇರುವ ನಡುಭಾಗ) ಮುಂದಕ್ಕೆ, ಇನ್ನೊಂದು ಹೊರಗಿನ ಗಾಳಿಯ ಸಹಜ ಒತ್ತಡ ತಿಳಿಸುವ ವಿಮಾನದ ಸ್ಟ್ಯಾಟಿಕ್ ಪೈಪಿಗೆ. ನೀರು ಎಷ್ಟು ಏರುತ್ತದೋ ಕೋರ್ ಮುಂದೆ ಒತ್ತಡ ಅಷ್ಟು ಹೆಚ್ಚು. ಸಮುದ್ರಮಟ್ಟದ ಗಾಳಿಯಲ್ಲಿ ಗಂಟೆಗೆ 180 ಕಿ.ಮೀ. ವೇಗದಲ್ಲಿ ಬರುವ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಅದು ನೀರನ್ನು ಸುಮಾರು 15 ಸೆಂ.ಮೀ. ಎತ್ತುತ್ತದೆ. ಏರುವಾಗಿನ 110 ಕಿ.ಮೀ. ವೇಗದಲ್ಲಿ 6 ಸೆಂ.ಮೀ. ಕೂಡ ಇಲ್ಲ. ಎಂಜಿನ್ ಪೂರ್ತಿ ದುಡಿಯುವ ಹೊತ್ತಿಗೇ ನಮ್ಮ ಕೈಯಲ್ಲಿರುವ ಒತ್ತಡ ಅಷ್ಟು ಸಣ್ಣದು, ಅದರಲ್ಲಿ ಒಂದಿಷ್ಟೂ ಪೋಲಾಗಬಾರದು. ನಮ್ಮ ಪೈಪು 180ರಲ್ಲಿ ಕೋರ್‌ನ ನಡುವೆ 6 ಸೆಂ.ಮೀ. ತೋರಿಸಿತು, ಮೇಲಿನ ಮೂಲೆಯಲ್ಲಿ ಬರೀ 2. ಕೋರ್‌ನ ಮೇಲಿನ ಅರ್ಧ ಇದ್ದೂ ಇಲ್ಲದಂತೆ.

ಕಾರಣ ಎರಡು. ಕಿಂಡಿಯ ಹಿಂದೆ ಗಾಳಿ ಒಯ್ಯುವ ಡಕ್ಟ್ ಗಕ್ಕನೆ ಅಗಲವಾಗುತ್ತಿತ್ತು. ಗೋಡೆ ಹಾಗೆ ಹೊರಳಿದರೆ ಗಾಳಿ ಅದನ್ನು ಹಿಡಿದು ಹೋಗುವುದಿಲ್ಲ, ಬಿಟ್ಟು ಸುಳಿ ಸುತ್ತುತ್ತದೆ. ಎರಡನೆಯದು, ರೇಡಿಯೇಟರಿನ ಮೇಲ್ತುದಿಗೂ ಡಕ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಫಿನ್‌ಗಳ ನಡುವೆ ನುಸುಳುವ ಕಷ್ಟ ಗಾಳಿಗೆ ಯಾಕೆ? ಸಂದಿನಿಂದ ಪಾರಾಗುತ್ತಿತ್ತು. ಕಿಂಡಿ ದೊಡ್ಡದು ಮಾಡಿದಾಗ ಒಳಗೆ ಹಿಡಿಸದ ಗಾಳಿ ಕಿಂಡಿಯ ತುಟಿಯ ಮೇಲಿಂದ ಚೆಲ್ಲಿ ಹೊರಗೂ ಡ್ರ್ಯಾಗ್ (ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ) ಹೆಚ್ಚಿಸಿತು, ಅಷ್ಟೇ.

ಕಿಂಡಿಯನ್ನು ಮತ್ತೆ ಚಿಕ್ಕದು ಮಾಡಿದೆವು, ಕೋರ್‌ನ ವಿಸ್ತೀರ್ಣದ ಮೂರನೇ ಒಂದಕ್ಕೆ. ಒಳಗೋಡೆಗಳಿಗೆ ಕಹಳೆಯ ಆಕಾರ ಕೊಟ್ಟೆವು: ಮೊದಲು ನಿಧಾನವಾಗಿ ಅಗಲ, ಕೋರ್ ಹತ್ತಿರ ಬಂದಾಗ ಬೇಗ. ಅಲ್ಲಿ ಕೋರ್‌ನ ತಡೆಯೇ ಗಾಳಿಯನ್ನು ಪಕ್ಕಕ್ಕೆ ಹರಡುವುದರಿಂದ ಅಷ್ಟು ಅಗಲ ನಡೆಯುತ್ತದೆ. ಸಂದಿಗೆ ಸಿಲಿಕೋನ್ ರಬ್ಬರ್ ಪಟ್ಟಿ ಕೂರಿಸಿದೆ. ಗಾಳಿ ಹೊರಬೀಳುವ ಕಡೆ ಕೀಲಿನ ಫ್ಲ್ಯಾಪ್, ಅಂದರೆ ತೆರೆದು ಮುಚ್ಚುವ ರೆಕ್ಕೆ: ಏರುವಾಗ ತೆರೆ, ಮೇಲೆ ಹೋದ ಮೇಲೆ ಕಿರಿದು ಮಾಡು. ಲೇಖನದಲ್ಲಿ ಒಂದಕ್ಷರವೂ ಇಲ್ಲದ ಭಾಗ ಇದೇ. ಒಳಗೆ ಎಷ್ಟು ಗಾಳಿ ಹರಿಯಬೇಕೆಂದು ತೀರ್ಮಾನಿಸುವುದು ಹೆಚ್ಚಾಗಿ ಈ ಹಿಂಬಾಗಿಲು. ಈಗ 180ರಲ್ಲಿ ಪೈಪು 12 ಸೆಂ.ಮೀ. ತೋರಿಸುತ್ತದೆ, ಏರುವಾಗ ಮುಳ್ಳು 98 ದಾಟಿಲ್ಲ, ಕಳೆದುಕೊಂಡ 4 ಕಿ.ಮೀ. ಜೊತೆಗೆ ಇನ್ನೂ 5 ಸಿಕ್ಕಿದೆ.

ಇದು ನಾನು ಕಂಡುಹಿಡಿದದ್ದಲ್ಲ. ಬ್ರಿಟನ್ನಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಎಫ್. ಡಬ್ಲ್ಯು. ಮೆರೆಡಿತ್ 1935ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಗಾಳಿಯನ್ನು ಡಕ್ಟಿನಲ್ಲಿ ನಿಧಾನಿಸಿ, ಕೋರ್ ದಾಟಿಸಿ, ಬಿಸಿಯಾದದ್ದನ್ನು ಕಿರಿದಾದ ದಾರಿಯಲ್ಲಿ ಹಿಂದಕ್ಕೆ ಚಿಮ್ಮಿಸಿದರೆ ಕಳೆದುಕೊಂಡ ಬಲದ ಬಹುಪಾಲು ಮರಳುತ್ತದೆ. 1940ರಲ್ಲಿ ಮೊದಲು ಹಾರಿದ ಮಸ್ಟಾಂಗ್ ಯುದ್ಧವಿಮಾನದ ಹೊಟ್ಟೆಯಡಿಯ ಡಕ್ಟನ್ನು ನೋಡಿ: ಒಡಲಿಗಂಟಿ ಬರುವ ಸುಸ್ತಾದ ಗಾಳಿ ಒಳಗೆ ನುಗ್ಗದಿರಲೆಂದು ಅದರ ತುಟಿಯನ್ನೇ ಒಡಲಿನಿಂದ ಕೆಳಗಿಳಿಸಿದ್ದಾರೆ. ನಮ್ಮಂಥ ನಿಧಾನದ ವಿಮಾನದಲ್ಲಿ ಆ ಬಿಸಿಗಾಳಿಯ ತಳ್ಳುವಿಕೆ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಆದರೆ ನಿಧಾನಿಸುವುದರ ಲಾಭ ನಮಗೂ ಪೂರ್ತಿ ಸಿಗುತ್ತದೆ. ಕೋರ್‌ನೊಳಗೆ ಗಾಳಿಯ ವೇಗ ಎರಡು ಪಟ್ಟಾದರೆ ತಡೆ ಮೂರು-ನಾಲ್ಕು ಪಟ್ಟಾಗುತ್ತದೆ, ಹೊತ್ತೊಯ್ಯುವ ಶಾಖ ಎರಡು ಪಟ್ಟೂ ಆಗುವುದಿಲ್ಲ. 30 ಸೆಂ.ಮೀ. ಚೌಕದ ರೇಡಿಯೇಟರನ್ನು ಡಕ್ಟೇ ಇಲ್ಲದೆ ಗಾಳಿಗೆ ಅಡ್ಡ ಹಿಡಿದರೆ 180 ಕಿ.ಮೀ. ವೇಗದಲ್ಲಿ 9 ಅಶ್ವಶಕ್ತಿಯ ಹತ್ತಿರ ಅದಕ್ಕೇ ಹೋಗುತ್ತದೆ. ಸಣ್ಣ ಎಂಜಿನ್ನಿಗೆ ಅದು ಎಷ್ಟು ದೊಡ್ಡ ಹೊರೆ ಎಂದು ಕಟ್ಟಿದವರಿಗೆ ಗೊತ್ತು.

ಎಂಜಿನ್ ಬಿಸಿಯೇರುವುದು ನೆಲ ಬಿಟ್ಟ ಮೊದಲ ನಿಮಿಷಗಳಲ್ಲಿ. ಇನ್ನೂ ಎತ್ತರ ಇಲ್ಲ, ವೇಗ ಇಲ್ಲ, ಇಳಿಯಲು ಜಾಗ ಹುಡುಕುವಷ್ಟು ಸಮಯವೂ ಇಲ್ಲ. ಲೇಖನ ಓದಿದ ಯಾರೋ ಈಗಲೇ ಕತ್ತರಿ ಹಿಡಿದಿರಬಹುದು ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ: ಮೊದಲು ಸಂದು ಮುಚ್ಚಿ, ಪೈಪು ಕಟ್ಟಿ ಒತ್ತಡ ಅಳೆಯಿರಿ, ತಗಡಿಗೆ ಕೈ ಹಾಕುವುದು ಆಮೇಲೆ. ಲೇಖಕರಿಗೆ ಬೇಕಿದ್ದರೆ ನಮ್ಮ ಅಳತೆಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕಿನ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ