ಮಾಗಡಿ ಕೆರೆಯ ಬಳಿ ಹಕ್ಕಿ ರಾಡಾರ್ ಬೇಕು

ಮಾನ್ಯರೇ,

ಚಳಿ ಶುರುವಾದರೆ ಶಿರಹಟ್ಟಿ ತಾಲ್ಲೂಕಿನ ನಮ್ಮ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕತ್ತಲಾದ ಮೇಲೂ ಹೊಲಗಳ ಕಡೆ ಹಾರುತ್ತವೆ. ಕೂಗು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. 2024ರಲ್ಲಿ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ, ಸಿಕ್ಕಾಗ ಊರವರಿಗೆಲ್ಲ ಖುಷಿಯಾಗಿತ್ತು.

ಇದೇ ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳೂ ಜಾಸ್ತಿಯಾಗುತ್ತಿವೆ. ಗಾಳಿ ವಿದ್ಯುತ್ ಬೇಕು, ನನ್ನ ತಕರಾರಿಲ್ಲ. ಆದರೆ ರಾತ್ರಿ ಈ ಹಕ್ಕಿಗಳು ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಹಾರುತ್ತವೆ ಅಂತ ತಿಳಿಯದೆ ಕಂಬ ನೆಟ್ಟರೆ ಹೇಗೆ? ಹಗಲು ಬೈನಾಕ್ಯುಲರ್ ಹಿಡಿದು ಎಣಿಸಿದರೆ ಸಾಲದು.

ರಾಡಾರ್‌ಗೆ ಕತ್ತಲು ಅಡ್ಡಿಯಲ್ಲ. ಅದರ ಅಲೆಗಳು ಹಕ್ಕಿಯ ಮೈಗೆ ತಾಗಿ ಮರಳುತ್ತವೆ. ಎತ್ತರ, ವೇಗ, ದಿಕ್ಕು ಎಲ್ಲ ಸಿಗುತ್ತದೆ. ಅಮೆರಿಕದಲ್ಲಿ ಹವಾಮಾನ ರಾಡಾರ್‌ಗಳನ್ನೇ ಬಳಸಿ ರಾತ್ರಿ ವಲಸೆಯ ಮುನ್ಸೂಚನೆ ಕೊಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 2023ರ ಮೇ ತಿಂಗಳ ಒಂದು ರಾತ್ರಿ, ಹಕ್ಕಿಗಳ ದೊಡ್ಡ ದಂಡು ಬರಲಿದೆ ಎಂದು ಮೊದಲೇ ಗೊತ್ತಾಗಿ, ಸಮುದ್ರದ ಗಾಳಿಯಂತ್ರಗಳನ್ನು ನಾಲ್ಕು ತಾಸು ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಟ್ಟರು. ಅಲ್ಲಿ ಆಗುವುದು ಇಲ್ಲೂ ಆಗಬೇಕು, ಅಲ್ವಾ?

ರಾಡಾರ್ ಒಂದೇ ಸಾಕು ಎನ್ನುತ್ತಿಲ್ಲ. ಹೆಬ್ಬಾತೋ ಕೊಕ್ಕರೆಯೋ ಎಂದು ಅದು ಸುಲಭವಾಗಿ ಹೇಳಲಾರದು. ಅದಕ್ಕೆ ಕೆರೆ ಬಲ್ಲ ನಮ್ಮೂರ ಹುಡುಗರು ಜೊತೆಗಿರಬೇಕು.

ಹೊಸ ಗಾಳಿಯಂತ್ರಗಳಿಗೆ ಒಪ್ಪಿಗೆ ಕೊಡುವ ಮೊದಲು ಒಂದು ಪೂರ್ತಿ ಚಳಿಗಾಲ ಇಲ್ಲಿ ಹಕ್ಕಿ ರಾಡಾರ್ ಇಡಿ. ಸಿಕ್ಕ ಮಾಹಿತಿಯನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೂ ಕೊಡಿ. ಅರಣ್ಯ ಮತ್ತು ಇಂಧನ ಇಲಾಖೆಗಳಿಗೆ ಇದು ನನ್ನ ಕೋರಿಕೆ.

– ನಿವೃತ್ತ ಶಿಕ್ಷಕ, ಶಿರಹಟ್ಟಿ