ಹಸಿರು ಲೇಸರ್ ಪಾಯಿಂಟರ್ ಕುರಿತು ಗುಂಪಿನ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಅಮಾವಾಸ್ಯೆಯ ನಕ್ಷತ್ರ ವೀಕ್ಷಣೆಗೆಂದು ತರಿಸಿದ ಹಸಿರು ಲೇಸರ್ ಪಾಯಿಂಟರನ್ನು ಕಾರವಾರದ ನಮ್ಮ ಮನೆಯಲ್ಲಿ ಮೂರು ಸಂಜೆ ಪರೀಕ್ಷಿಸಿದ್ದೇನೆ. ಚೀಟಿಯ ಮೇಲೆ 5 ಮಿಲಿವ್ಯಾಟ್‌ಗಿಂತ ಕಡಿಮೆ ಎಂದು ಅಚ್ಚಾಗಿದ್ದರೂ, ಸ್ನೇಹಿತರೊಬ್ಬರ ಪವರ್ ಮೀಟರ್ ಅದನ್ನು 80ರ ಆಸುಪಾಸಿನಲ್ಲಿ ತೋರಿಸಿತು. ಇದು ನನಗೆ ನಿಜಕ್ಕೂ ಆತಂಕ ತಂದಿದೆ.

ಈ ಬಗೆಯ ಪಾಯಿಂಟರಿನೊಳಗೆ 808 ನ್ಯಾನೊಮೀಟರ್ ತರಂಗಾಂತರದ ಬೆಳಕು ಸೂಸುವ ಡಯೋಡ್ ಒಂದು ಹರಳನ್ನು ಪ್ರಚೋದಿಸಿ 1064 ನ್ಯಾನೊಮೀಟರಿನ ಅವಗೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕನ್ನು ಹುಟ್ಟಿಸುತ್ತದೆ. ಮತ್ತೊಂದು ಹರಳು ಅದನ್ನು 532ರ ಹಸಿರಾಗಿ ಮಾರ್ಪಡಿಸುತ್ತದೆ. ಮೂತಿಯಲ್ಲಿ ಸೋಸುಗಾಜು ಇಲ್ಲದಿದ್ದರೆ ಉಳಿದ ಅವಗೆಂಪು ಹಾಗೆಯೇ ಹೊರಬರುತ್ತದೆ, ಮತ್ತು ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಸುರಕ್ಷಾ ಕನ್ನಡಕ ಧರಿಸಿ, ಕಿರಣವನ್ನು ಹಳೆಯ ಸಿ.ಡಿ.ಯೊಂದರ ಮೇಲೆ ಓರೆಯಾಗದಂತೆ ಬಿಟ್ಟಾಗ ಬಿಳಿ ಹಾಳೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಮೂಡಿದವು; ಸಿ.ಡಿ.ಯ ಸೂಕ್ಷ್ಮ ಗೀರುಗಳು ಒಂದೊಂದು ತರಂಗಾಂತರವನ್ನು ಒಂದೊಂದು ಕೋನಕ್ಕೆ ಬೇರ್ಪಡಿಸುತ್ತವೆ. ಎರಡು ಹಸಿರು ಚುಕ್ಕೆಗಳ ನಡುವೆ, ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ, ಹಳೆಯ ಫೋನಿನ ಕ್ಯಾಮೆರಾಕ್ಕೆ ನಸುನೇರಳೆ ಚುಕ್ಕೆಯೊಂದು ಸ್ಪಷ್ಟವಾಗಿ ಕಂಡಿತು. ಅದು ಕ್ಯಾಮೆರಾ ಗುರುತಿಸಿದ ಅವಗೆಂಪು ಬೆಳಕು; ಸೋಸುಗಾಜು ಇಲ್ಲವೆಂಬುದಕ್ಕೆ ಇಷ್ಟು ಸಾಕು. ಈ ಪರೀಕ್ಷೆಯನ್ನು ಕನ್ನಡಕವಿಲ್ಲದೆ ಯಾರೂ ಮಾಡಬೇಡಿ.

ಆದ್ದರಿಂದ ಈ ಪಾಯಿಂಟರನ್ನು ಮಕ್ಕಳಿರುವ ನಮ್ಮ ಕಾರ್ಯಕ್ರಮಕ್ಕೆ ತರುವುದಿಲ್ಲ. ಕಡಲ ತೇವಾಂಶವಿರುವ ನಮ್ಮ ಗಾಳಿಯಲ್ಲಿ 5 ಮಿಲಿವ್ಯಾಟಿನ ಹಸಿರು ಕಿರಣವೇ ಕತ್ತಲಲ್ಲಿ ಚೆನ್ನಾಗಿ ಕಾಣುವುದರಿಂದ, ಅಳತೆ ಮಾಡಿಸಿದ ಅಂಥದ್ದನ್ನೇ ಕೊಳ್ಳೋಣ. ಪಕ್ಕದಲ್ಲೇ ನೌಕಾನೆಲೆ ಇರುವ ಊರಿದು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಗುಂಡಿಯಿಂದ ಬೆರಳು ತೆಗೆಯಬೇಕು, ದೋಣಿಗಳತ್ತಲೂ ಕಿರಣ ತಿರುಗಿಸಬಾರದು.